ನೌಕರಿಯಲ್ಲಿ ಪಂಕ್ತಿಭೇದ



1979ರ ಮಾರ್ಚ್ 31, 1984ರ ಜುಲೈ 1, 2004ರ ಜನವರಿ 1, 2006ರ ಏಪ್ರಿಲ್ 1. ಈ ನಾಲ್ಕು ತಾರೀಖುಗಳನ್ನು ನಿಮ್ಮ ಇತಿಹಾಸದ ಪಠ್ಯಪುಸ್ತಕದಲ್ಲಿ ಹುಡುಕಿದರೆ ಸಿಗಲಾರವು. ಆ ದಿನಗಳಂದು ಯಾವ ಯುದ್ಧವೂ ನಡೆಯಲಿಲ್ಲ, ಯಾವ ಸಾಮ್ರಾಜ್ಯವೂ ಉರುಳಲಿಲ್ಲ. ಆದರೆ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಸರ್ಕಾರಿ ನೌಕರಿಯಲ್ಲಿರುವವರು ಇದ್ದರೆ ಅವರನ್ನು ಕೇಳಿ ನೋಡಿ. ಇವುಗಳಲ್ಲಿ ಒಂದಾದರೂ ತಾರೀಖು ಅವರ ನಾಲಿಗೆಯ ತುದಿಯಲ್ಲಿ ಇರುತ್ತದೆ.

ಈ ತಾರೀಖುಗಳು ನೌಕರರ ನಡುವೆ ಗೆರೆ ಎಳೆದವು. ಗೆರೆಯ ಈಚೆ ಇದ್ದವರಿಗೆ ಒಂದು ಷರತ್ತು, ಆಚೆ ಇದ್ದವರಿಗೆ ಇನ್ನೊಂದು. ಕೂರುವ ಕೊಠಡಿ ಒಂದೇ, ನೋಡುವ ಕಡತ ಒಂದೇ, ಮೇಲಧಿಕಾರಿಯಿಂದ ಕೇಳುವ ಮಾತೂ ಒಂದೇ. ತಿಂಗಳ ಕೊನೆಯಲ್ಲಿ ಅಥವಾ ಸೇವೆಯ ಕೊನೆಯಲ್ಲಿ ಕೈಗೆ ಬರುವುದು ಮಾತ್ರ ಬೇರೆ ಬೇರೆ. ಊಟದ ಸಾಲಿನಲ್ಲಿ ಒಬ್ಬರ ಎಲೆಗೆ ಹೋಳಿಗೆ, ಪಕ್ಕದವರ ಎಲೆಗೆ ಬರಿಯ ಅನ್ನ ಬಡಿಸುವುದನ್ನು ನಮ್ಮ ಹಿರಿಯರು ಪಂಕ್ತಿಭೇದ ಎನ್ನುತ್ತಿದ್ದರು. ಅದನ್ನು ದೋಷವೆಂದೂ ಎಣಿಸುತ್ತಿದ್ದರು. ನೌಕರಿಯಲ್ಲಿ ಇಂಥ ಪಂಕ್ತಿಭೇದ ಹೇಗೆ ಹುಟ್ಟಿತು, ನಮ್ಮ ನ್ಯಾಯಾಲಯಗಳು ಅದನ್ನು ಹೇಗೆ ನೋಡಿದವು, ಎಲ್ಲ ಭೇದವೂ ಅನ್ಯಾಯವೇ ಎಂಬ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ. ಇದು ದೂರದ ಸಂಗತಿಯಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ನೀವು ಕೆಲಸಕ್ಕೆ ಸೇರುವಿರಿ. ಆ ದಿನ ನಿಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ಹೊಸಬರು ನೀವೇ.

ಬಾಗಿಲಲ್ಲಿ ನಿಂತ ಬದಲಿ ಕಾರ್ಮಿಕ

ಖಾಯಂ ನೌಕರ ಮತ್ತು ಬಾಗಿಲಲ್ಲಿ ಕಾಯುವ ನೌಕರ ಎಂಬ ವಿಂಗಡಣೆ ನಮ್ಮ ದೇಶದಲ್ಲಿ ಕಾರ್ಖಾನೆಗಳಷ್ಟೇ ಹಳೆಯದು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ 'ಬದಲಿ' ಎಂಬ ಒಂದು ವರ್ಗವೇ ಇತ್ತು. ನಾವು ಕನ್ನಡದಲ್ಲಿ ಆಡುವ 'ಬದಲಿ' ಎಂಬ ಮಾತೇ ಅದು. ಖಾಯಂ ಕೆಲಸಗಾರ ಊರಿಗೆ ಹೋದರೆ, ಕಾಯಿಲೆ ಬಿದ್ದರೆ, ಅವನ ಮಗ್ಗದ ಮುಂದೆ ಆ ದಿನದ ಮಟ್ಟಿಗೆ ಬದಲಿಯವನು ನಿಲ್ಲುತ್ತಿದ್ದ. ಯಾರನ್ನು ಒಳಗೆ ಬಿಡಬೇಕು ಎಂಬುದು ಜಾಬರ್ ಎಂಬ ಮೇಸ್ತ್ರಿಯ ಮರ್ಜಿಯಾಗಿತ್ತು. ಮೇಸ್ತ್ರಿಯ ಕೈ ಬೆಚ್ಚಗೆ ಮಾಡದವನು ಬಾಗಿಲಲ್ಲೇ ಉಳಿಯುತ್ತಿದ್ದ.

ಈ ಮರ್ಜಿಗೆ ಕಡಿವಾಣ ಹಾಕಲೆಂದು ಮುಂಬಯಿ ಗಿರಣಿ ಮಾಲೀಕರ ಸಂಘ 1935ರಲ್ಲಿ ಒಂದು ಪದ್ಧತಿ ತಂದಿತು. ಪ್ರತಿ ತಿಂಗಳ ಮೊದಲ ದಿನ ಆಯ್ದ ಕೆಲವರಿಗೆ ಬದಲಿ ಚೀಟಿ ಕೊಡುವುದು, ಅವರು ಪ್ರತಿದಿನ ಬೆಳಿಗ್ಗೆ ಗಿರಣಿಗೆ ಬಂದು ಹಾಜರಾಗುವುದು, ಆ ದಿನ ಖಾಲಿ ಬಿದ್ದ ಜಾಗಗಳನ್ನು ಅವರಿಂದಲೇ ತುಂಬುವುದು. ಮೇಸ್ತ್ರಿಯ ಹಿಡಿತ ಸ್ವಲ್ಪ ಸಡಿಲವಾಯಿತು, ನಿಜ. ಆದರೆ ಬದಲಿಯವನು ಬದಲಿಯವನಾಗಿಯೇ ಉಳಿದ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ ಬಂದ ಸ್ಥಾಯೀ ಆದೇಶಗಳ ಕಾಯ್ದೆ ಕಾರ್ಖಾನೆಯ ನೌಕರಿಯ ಷರತ್ತುಗಳನ್ನು ಬರವಣಿಗೆಯಲ್ಲಿ ಇಡಬೇಕೆಂದು ಹೇಳಿತು. ಇದು ದೊಡ್ಡ ಹೆಜ್ಜೆ. ಆದರೆ ಅದರಡಿಯ ಮಾದರಿ ನಿಯಮಗಳೂ ಕಾರ್ಮಿಕರನ್ನು ಖಾಯಂ, ಪರೀಕ್ಷಾವಧಿಯವರು, ಬದಲಿ, ತಾತ್ಕಾಲಿಕ, ಸಾಂದರ್ಭಿಕ, ತರಬೇತಿಯವರು ಎಂದು ವಿಂಗಡಿಸಿದವು. ಹೀಗೆ ಗಿರಣಿಯ ರೂಢಿಗೆ ಕಾನೂನಿನ ಪುಸ್ತಕದಲ್ಲಿ ಜಾಗ ಸಿಕ್ಕಿತು.

1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಮುಷ್ಕರ ಹೂಡಿದಾಗ ಕೇಳಿದ್ದು ಕೂಲಿಯ ಹೆಚ್ಚಳವನ್ನು ಮಾತ್ರವಲ್ಲ. ಬದಲಿ ಕಾರ್ಮಿಕರನ್ನು ಖಾಯಂ ಮಾಡಬೇಕೆಂಬುದೂ ಬೇಡಿಕೆಗಳ ಪಟ್ಟಿಯಲ್ಲಿತ್ತು. ಆ ಮುಷ್ಕರ ಗೆಲ್ಲಲಿಲ್ಲ. ಆದರೆ ಅದೇ 1982ರಲ್ಲಿ, ದೆಹಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ಇದೇ ಪ್ರಶ್ನೆಗೆ ಸಂಬಂಧಿಸಿದ ಎರಡು ಮಹತ್ವದ ತೀರ್ಪುಗಳು ಬಂದವು.

ಕೊಡುಗೆಯಲ್ಲ, ಹಕ್ಕು

ನಮ್ಮ ಸಂವಿಧಾನದ 14ನೆಯ ಅನುಚ್ಛೇದ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ. 16ನೆಯ ಅನುಚ್ಛೇದ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶದ ಮಾತಾಡುತ್ತದೆ. 39ನೆಯ ಅನುಚ್ಛೇದ ಸ್ತ್ರೀ ಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಇರಬೇಕೆಂದು ರಾಜ್ಯಕ್ಕೆ ನಿರ್ದೇಶನ ನೀಡುತ್ತದೆ. ಮೊದಲ ಎರಡು ಮೂಲಭೂತ ಹಕ್ಕುಗಳು. ಕೊನೆಯದು ನಿರ್ದೇಶಕ ತತ್ತ್ವ. ನಿರ್ದೇಶಕ ತತ್ತ್ವವನ್ನು ಹಿಡಿದು ನೇರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಲು ಬರುವುದಿಲ್ಲ ಎಂಬುದನ್ನು ನೀವು ಪೌರನೀತಿಯ ಪಾಠದಲ್ಲಿ ಓದಿರುತ್ತೀರಿ.

ಈ ಎರಡನ್ನೂ ಒಟ್ಟಿಗೆ ಓದಬೇಕೆಂದು 1982ರ ಫೆಬ್ರವರಿಯಲ್ಲಿ ಹೇಳಿದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ರಣಧೀರ್ ಸಿಂಗ್ ಎಂಬ ದೆಹಲಿ ಪೊಲೀಸ್ ಇಲಾಖೆಯ ಚಾಲಕರೊಬ್ಬರು ದೆಹಲಿ ಆಡಳಿತದ ಇತರ ಇಲಾಖೆಗಳ ಚಾಲಕರಿಗೆ ಸಿಗುವ ಸಂಬಳ ತನಗೇಕೆ ಇಲ್ಲ ಎಂದು ಕೇಳಿದ್ದರು. ವಾಹನ ಓಡಿಸುವ ಕೆಲಸ ಒಂದೇ ಆಗಿದ್ದಾಗ, ಇಲಾಖೆ ಬೇರೆ ಎಂಬ ಒಂದೇ ಕಾರಣಕ್ಕೆ ಸಂಬಳ ಬೇರೆ ಮಾಡಲಾಗದು ಎಂಬುದು ನ್ಯಾಯಾಲಯದ ಅಭಿಪ್ರಾಯವಾಯಿತು. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಬರಿಯ ಆದರ್ಶವಾಗಿ ಉಳಿಯದೆ, ಸಮಾನತೆಯ ಹಕ್ಕಿನೊಳಗೆ ಬಂದು ಕೂತಿತು.

ಅದೇ ವರ್ಷ ಡಿಸೆಂಬರ್ 17ರಂದು ಬಂದ ತೀರ್ಪು ಡಿ. ಎಸ್. ನಕಾರಾ ಪ್ರಕರಣದ್ದು. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕೇಂದ್ರ ಸರ್ಕಾರ 1979ರ ಮೇ 25ರಂದು ನಿವೃತ್ತಿ ವೇತನ ಲೆಕ್ಕ ಹಾಕುವ ವಿಧಾನವನ್ನು ಉದಾರಗೊಳಿಸಿತು. ಹಿಂದೆ ಕೊನೆಯ 36 ತಿಂಗಳ ಸಂಬಳದ ಸರಾಸರಿ ತೆಗೆದು ಅದರ ಮೇಲೆ ನಿವೃತ್ತಿ ವೇತನ ನಿರ್ಧರಿಸುತ್ತಿದ್ದರು. ಹೊಸ ಆದೇಶದಲ್ಲಿ ಕೊನೆಯ 10 ತಿಂಗಳ ಸರಾಸರಿ ಸಾಕು ಎಂದಾಯಿತು. ಇದರಿಂದ ಏನು ಲಾಭ ಎನ್ನುತ್ತೀರಾ? ಒಂದು ಸಣ್ಣ ಲೆಕ್ಕ ಮಾಡಿ. ಒಬ್ಬರ ಸಂಬಳ ಕೊನೆಯ ಮೂರು ವರ್ಷಗಳಲ್ಲಿ ಕ್ರಮವಾಗಿ 900, 950, 1000 ರೂಪಾಯಿ ಇತ್ತೆನ್ನಿ. 36 ತಿಂಗಳ ಸರಾಸರಿ 950. ಕೊನೆಯ 10 ತಿಂಗಳದ್ದು 1000. ಆ ವ್ಯತ್ಯಾಸ ಬದುಕಿರುವಷ್ಟು ಕಾಲವೂ ಪ್ರತಿ ತಿಂಗಳೂ ಮುಂದುವರಿಯುತ್ತದೆ.

ಆದರೆ ಆದೇಶಕ್ಕೆ ಒಂದು ಬಾಲವಿತ್ತು. 1979ರ ಮಾರ್ಚ್ 31ರಂದು ಸೇವೆಯಲ್ಲಿದ್ದು, ಆ ದಿನ ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ ಈ ಲಾಭ. ಒಂದೆರಡು ದಿನ ಮೊದಲು ನಿವೃತ್ತರಾದವರಿಗೆ ಇಲ್ಲ. ಅದೇ ಹುದ್ದೆ, ಅಷ್ಟೇ ವರ್ಷಗಳ ಸೇವೆ, ಅದೇ ಮಾರುಕಟ್ಟೆಯಲ್ಲಿ ಕೊಳ್ಳುವ ಅದೇ ಅಕ್ಕಿ ಬೇಳೆ. ರಕ್ಷಣಾ ಸಚಿವಾಲಯದಲ್ಲಿ ಹಣಕಾಸು ಸಲಹೆಗಾರರಾಗಿದ್ದು 1972ರಲ್ಲಿ ನಿವೃತ್ತರಾಗಿದ್ದ ನಕಾರಾ ಅವರು, ಸೇನೆಯಿಂದ ನಿವೃತ್ತರಾಗಿದ್ದ ಇನ್ನೊಬ್ಬರು ಮತ್ತು ಕಾಮನ್ ಕಾಸ್ ಎಂಬ ಸಂಸ್ಥೆ ಒಟ್ಟಾಗಿ ಇದನ್ನು ಪ್ರಶ್ನಿಸಿದರು.

ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ನೇತೃತ್ವದ ಐವರು ನ್ಯಾಯಾಧೀಶರ ಪೀಠದ ಪರವಾಗಿ ನ್ಯಾಯಮೂರ್ತಿ ಡಿ. ಎ. ದೇಸಾಯಿ ತೀರ್ಪು ಬರೆದರು. ನಿವೃತ್ತಿ ವೇತನ ಎಂಬುದು ಒಡೆಯ ಮನಸ್ಸು ಬಂದಾಗ ಕೊಡುವ ಇನಾಮಲ್ಲ. ಸಲ್ಲಿಸಿದ ಸೇವೆಯಿಂದ ಗಳಿಸಿದ ಹಕ್ಕು. ನಿವೃತ್ತರೆಲ್ಲರೂ ಒಂದೇ ವರ್ಗ. ಆ ವರ್ಗವನ್ನು ಎರಡಾಗಿ ಸೀಳಬೇಕಾದರೆ ಸೀಳುವುದಕ್ಕೂ ಯೋಜನೆಯ ಉದ್ದೇಶಕ್ಕೂ ಸಂಬಂಧವಿರಬೇಕು. ವೃದ್ಧಾಪ್ಯದಲ್ಲಿ ಮಾನವಾಗಿ ಬದುಕಲಿ ಎಂಬುದು ಉದ್ದೇಶವಾದರೆ, ಮೊದಲೇ ನಿವೃತ್ತರಾಗಿ ಹೆಚ್ಚು ವಯಸ್ಸಾದವರನ್ನು ಹೊರಗಿಡುವುದು ಆ ಉದ್ದೇಶಕ್ಕೇ ವಿರುದ್ಧ. ಹೀಗೆ ತರ್ಕಿಸಿದ ನ್ಯಾಯಾಲಯ, ಗೆರೆ ಎಳೆದ ಮಾತುಗಳನ್ನು ಆದೇಶದಿಂದ ಕಿತ್ತುಹಾಕಿತು. ಎಲ್ಲ ನಿವೃತ್ತರಿಗೂ ಹೊಸ ಲೆಕ್ಕದಂತೆ, ಆದರೆ ಆ ತಾರೀಖಿನ ನಂತರದ ಅವಧಿಗೆ ಮಾತ್ರ, ವೇತನ ಸಿಗುವಂತಾಯಿತು. ಇಂದಿಗೂ ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ.

ಈ ತೀರ್ಪಿನ ತಿರುಳನ್ನು ನೆನಪಿನಲ್ಲಿಡಿ. ಸರ್ಕಾರ ತಾರೀಖು ಗೊತ್ತುಪಡಿಸಬಾರದು ಎಂದು ನ್ಯಾಯಾಲಯ ಹೇಳಲಿಲ್ಲ. ತಾರೀಖಿಗೆ ಕಾರಣ ಇರಬೇಕು ಎಂದಿತು.

ಹಳಬರಿಗೆ ನಿಧಿ, ಹೊಸಬರಿಗೆ ಪಿಂಚಣಿ

ಷರತ್ತುಗಳು ಬದಲಾದಾಗ ಯಾವಾಗಲೂ ಹೊಸಬರೇ ನಷ್ಟಕ್ಕೆ ಒಳಗಾಗುತ್ತಾರೆಯೇ? ಇಲ್ಲ. ರೈಲ್ವೆ ಇಲಾಖೆಯ ಇತಿಹಾಸ ಇದಕ್ಕೆ ಸಾಕ್ಷಿ. ಮೊದಲು ರೈಲ್ವೆ ನೌಕರರಿಗೆ ಭವಿಷ್ಯ ನಿಧಿಯ ವ್ಯವಸ್ಥೆ ಇತ್ತು. ನೌಕರ ಒಂದು ಪಾಲು ಹಾಕಬೇಕು, ರೈಲ್ವೆ ಒಂದು ಪಾಲು ಹಾಕಬೇಕು. ನಿವೃತ್ತಿಯ ದಿನ ಒಂದು ಗಂಟು ಕೈಗೆ ಬರುತ್ತದೆ. 1957ರ ನವೆಂಬರ್ 16ರಿಂದ ಸೇರಿದವರಿಗೆ ಇದರ ಬದಲು ನಿವೃತ್ತಿ ವೇತನ ಎಂದಾಯಿತು. ಮೊದಲೇ ಇದ್ದವರು ಬೇಕಾದರೆ ಹೊಸದನ್ನು ಆರಿಸಿಕೊಳ್ಳಬಹುದಿತ್ತು.

ಅನೇಕರು ಗಂಟನ್ನೇ ನಂಬಿದರು. ಕೈಯಲ್ಲಿರುವ ಗಂಟು ಕಾಣದ ಕಂತಿಗಿಂತ ಮೇಲು ಎಂದು ಅವರಿಗೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಬೆಲೆಗಳು ಏರಿದವು, ನಿವೃತ್ತಿ ವೇತನಕ್ಕೆ ತುಟ್ಟಿಭತ್ಯೆ ಸೇರುತ್ತ ಹೋಯಿತು, ಗಂಟು ಮಾತ್ರ ಕರಗಿತು. ನಕಾರಾ ತೀರ್ಪಿನ ಬಲದಿಂದ ಅವರು ನಮಗೂ ಪಿಂಚಣಿ ಕೊಡಿ ಎಂದು ನ್ಯಾಯಾಲಯಕ್ಕೆ ಹೋದರು. 1990ರ ಜುಲೈಯಲ್ಲಿ ಕೃಷ್ಣ ಕುಮಾರ್ ಪ್ರಕರಣದಲ್ಲಿ ಐವರ ಪೀಠ ಒಪ್ಪಲಿಲ್ಲ. ಭವಿಷ್ಯ ನಿಧಿ ಪಡೆದವರು ಮತ್ತು ಪಿಂಚಣಿ ಪಡೆದವರು ಎರಡು ಬೇರೆ ವರ್ಗ. ನಿಧಿಯನ್ನು ಕೊಟ್ಟ ದಿನವೇ ಸರ್ಕಾರದ ಹೊಣೆ ಮುಗಿಯಿತು ಎಂದಿತು.

ಇಲ್ಲಿ ಎರಡು ಪಾಠಗಳಿವೆ. ಒಂದು, ಕೇಳಿ ಆರಿಸಿಕೊಂಡ ಷರತ್ತಿಗೂ ಕೇಳದೆ ಹೇರಿದ ಷರತ್ತಿಗೂ ಕಾನೂನು ವ್ಯತ್ಯಾಸ ಮಾಡುತ್ತದೆ. ಎರಡು, ಬೆಲೆ ಏರಿಕೆಯ ಮತ್ತು ದೀರ್ಘಾಯುಷ್ಯದ ಭಾರವನ್ನು ಯಾರು ಹೊರಬೇಕು ಎಂಬುದೇ ಈ ವಿವಾದಗಳ ಒಳಗುಟ್ಟು. ಪಿಂಚಣಿಯಲ್ಲಿ ಆ ಭಾರ ಸರ್ಕಾರದ ಹೆಗಲಿನ ಮೇಲಿರುತ್ತದೆ. ನಿಧಿಯಲ್ಲಿ ನೌಕರನ ಹೆಗಲಿಗೆ ಬರುತ್ತದೆ. ಇದನ್ನು ಹಿಡಿದುಕೊಂಡರೆ 2004ರಲ್ಲಿ ಏನಾಯಿತು ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ಅದಕ್ಕೆ ಮೊದಲು ನಮ್ಮ ಧಾರವಾಡಕ್ಕೆ ಹೋಗಿಬರೋಣ.

ಧಾರವಾಡದಿಂದ ದೆಹಲಿಗೆ

ರಸ್ತೆಗೆ ಜಲ್ಲಿ ಹಾಕಿಸಬೇಕು, ಕಾಲುವೆಯ ಹೂಳೆತ್ತಿಸಬೇಕು, ಲೆಕ್ಕ ಬರೆಯಬೇಕು. ಕೆಲಸ ಕಾಯುವುದಿಲ್ಲ. ಆದರೆ ಹುದ್ದೆ ಮಂಜೂರಾಗಿಲ್ಲ. ಆಗ ಇಲಾಖೆಗಳು ಕಂಡುಕೊಂಡ ದಾರಿ ದಿನಗೂಲಿ. ಹಾಜರಿ ಪಟ್ಟಿಯಲ್ಲಿ ಹೆಸರು ಬರೆದು ದಿನಕ್ಕಿಷ್ಟು ಎಂದು ಕೊಡುವುದು. ವರ್ಷ ಹತ್ತಾದರೂ ಅವರಿಗೆ ಬಡ್ತಿಯಿಲ್ಲ, ವಾರ್ಷಿಕ ವೇತನ ಹೆಚ್ಚಳವಿಲ್ಲ, ನಿವೃತ್ತಿ ವೇತನವಿಲ್ಲ. ನಿನ್ನೆ ಖಾಯಂ ಹುದ್ದೆಗೆ ಸೇರಿದ ಹುಡುಗನಿಗೆ ಕೆಲಸ ಕಲಿಸಿಕೊಟ್ಟವರೂ ಅವನಿಗಿಂತ ಕಡಿಮೆ ಪಡೆದು ಮನೆಗೆ ಹೋಗುತ್ತಿದ್ದರು. ಇಲ್ಲಿ ಗೆರೆ ಹಳಬರ ಪರವಾಗಿಯೂ ಇರಲಿಲ್ಲ. ಯಾವ ಬಾಗಿಲಿನಿಂದ ಒಳಗೆ ಬಂದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಕರ್ನಾಟಕ ಸರ್ಕಾರ 1984ರ ಜುಲೈ 1ರ ನಂತರ ದಿನಗೂಲಿ ನೇಮಕ ಕೂಡದೆಂದು ಗೆರೆ ಎಳೆಯಿತು. ಆದರೆ ಮೊದಲೇ ಇದ್ದವರ ಗತಿಯೇನು? ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ರಾಜ್ಯದಲ್ಲಿ ಇಂಥವರು ಸುಮಾರು 50,000 ಮಂದಿ ಇದ್ದಾರೆಂಬುದು ನ್ಯಾಯಾಲಯದ ಮುಂದೆ ಬಂದ ಲೆಕ್ಕ. ನ್ಯಾಯಮೂರ್ತಿ ರಂಗನಾಥ ಮಿಶ್ರ ಅವರ ಪೀಠ 1990ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. 1984ರ ಜುಲೈ 1ರವರೆಗೆ ಸೇರಿದವರನ್ನು ತಿಂಗಳ ಸಂಬಳದವರೆಂದು ಪರಿಗಣಿಸಬೇಕು, ಸೇವಾ ಹಿರಿತನದಂತೆ ಹಂತಹಂತವಾಗಿ ಖಾಯಂಗೊಳಿಸಬೇಕು ಎಂದಿತು. ಸಾವಿರಾರು ಕುಟುಂಬಗಳ ಪಾಲಿಗೆ ಅದು ಹಬ್ಬವೇ ಸರಿ.

ಆದರೆ ನಿಷೇಧದ ನಂತರವೂ ಹಳೆಯ ಚಾಳಿ ಬಿಡಲಿಲ್ಲ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985 ಮತ್ತು 1986ರಿಂದ ದಿನಗೂಲಿಗೆ ಸೇರಿ ಹತ್ತು ವರ್ಷ ಮೀರಿ ದುಡಿದವರು ನಮ್ಮನ್ನೂ ಖಾಯಂ ಮಾಡಿ ಎಂದು ಕೇಳಿದರು. ಇದೇ ಪ್ರಸಿದ್ಧವಾದ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರಂದು ಐವರ ಪೀಠದ ಪರವಾಗಿ ನ್ಯಾಯಮೂರ್ತಿ ಪಿ. ಕೆ. ಬಾಲಸುಬ್ರಹ್ಮಣ್ಯನ್ ತೀರ್ಪು ಬರೆದರು. ಈ ಬಾರಿ ನ್ಯಾಯಾಲಯ ಇನ್ನೊಂದು ದಿಕ್ಕಿಗೆ ಮುಖ ತಿರುಗಿಸಿತು. ಸರ್ಕಾರಿ ಹುದ್ದೆ ಜಾಹೀರಾತು ಕೊಟ್ಟು, ಎಲ್ಲರಿಗೂ ಸ್ಪರ್ಧಿಸಲು ಅವಕಾಶ ನೀಡಿ ತುಂಬಬೇಕಾದದ್ದು. ಹಿಂಬಾಗಿಲಿನಿಂದ ಬಂದವರನ್ನು ಖಾಯಂ ಮಾಡಿದರೆ, ಆ ಹುದ್ದೆಗೆ ಅರ್ಜಿ ಹಾಕುವ ಅವಕಾಶವೇ ಸಿಗದೆ ಹೊರಗೆ ನಿಂತ ನಿರುದ್ಯೋಗಿಗಳ ಸಮಾನತೆಯ ಗತಿಯೇನು ಎಂಬ ಪ್ರಶ್ನೆಯನ್ನು ಅದು ಎತ್ತಿತು. ಮಂಜೂರಾದ ಹುದ್ದೆಗಳಲ್ಲಿ, ನ್ಯಾಯಾಲಯದ ತಡೆಯಾಜ್ಞೆಯ ಆಸರೆ ಇಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಮಾತ್ರ ಖಾಯಂ ಮಾಡಲು ಅನುಮತಿ ನೀಡಿತು. ಜೊತೆಗೆ ವಾಣಿಜ್ಯ ತೆರಿಗೆ ಇಲಾಖೆಯ ಆ ನೌಕರರಿಗೆ ಅದೇ ವೃಂದದ ಕನಿಷ್ಠ ದರ್ಜೆಯ ಸಂಬಳ ಕೊಡಬೇಕೆಂದಿತು.

ಯಾರ ಪರ ನಿಲ್ಲುತ್ತೀರಿ, ಹೇಳಿ. ಹತ್ತು ವರ್ಷ ಬೆವರು ಸುರಿಸಿದವರ ಪರವೇ? ಅರ್ಜಿಯ ಅವಕಾಶವನ್ನೇ ಕಾಣದವರ ಪರವೇ? ಇಬ್ಬರೂ ತಪ್ಪು ಮಾಡಿದವರಲ್ಲ. ನೇಮಕದ ಕ್ರಮವನ್ನು ಮುರಿದದ್ದು ಇಲಾಖೆ. ಜಗಳ ಹತ್ತಿದ್ದು ಬಡವರಿಬ್ಬರ ನಡುವೆ. ಇಂಥ ಭೇದದ ಅತ್ಯಂತ ಕಹಿಯಾದ ಫಲ ಇದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕರ್ನಾಟಕ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗೆ ಪ್ರತ್ಯೇಕ ಅಧಿನಿಯಮ ತಂದಿತು. 2016ರ ಅಕ್ಟೋಬರ್‌ನಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಖಾಯಂ ನೌಕರರು ಮಾಡುವ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಸಂಬಳ ಸಲ್ಲಬೇಕೆಂದಿತು. 2024ರ ಡಿಸೆಂಬರ್‌ನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ದೀರ್ಘಕಾಲ ದುಡಿದ ಕೆಳದರ್ಜೆಯ ನೌಕರರ ಪರವಾಗಿ ತೀರ್ಪು ನೀಡುತ್ತ, ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಂಡು ಪ್ರಾಮಾಣಿಕ ಹಕ್ಕುಗಳನ್ನು ನಿರಾಕರಿಸಬಾರದೆಂದು ಎಚ್ಚರಿಸಿತು. ಕಾರ್ಖಾನೆಗಳ ವಿಷಯದಲ್ಲಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಗೆ ನೇಮಕವಾದವರಿಗೂ ಖಾಯಂ ನೌಕರರಿಗೆ ಸಮನಾದ ವೇತನ ಸೌಲಭ್ಯಗಳನ್ನು ಹೇಳುತ್ತವೆ.

2004ರ ಗೆರೆ

ಈಗ ನಮ್ಮ ಕಾಲದ ಅತಿ ದೊಡ್ಡ ಗೆರೆಗೆ ಬರೋಣ. 2004ರ ಜನವರಿ 1ರಿಂದ ಕೇಂದ್ರ ಸರ್ಕಾರದ ಸೇವೆಗೆ ಸೇರಿದವರಿಗೆ, ಸಶಸ್ತ್ರ ಪಡೆಗಳನ್ನು ಹೊರತುಪಡಿಸಿ, ಹಳೆಯ ಪಿಂಚಣಿ ಇಲ್ಲ ಎಂದಾಯಿತು. ಕರ್ನಾಟಕದಲ್ಲಿ ಈ ಗೆರೆ 2006ರ ಏಪ್ರಿಲ್ 1ರದು. ಹೆಚ್ಚಿನ ರಾಜ್ಯಗಳು ಇದೇ ದಾರಿ ಹಿಡಿದವು. ಪಶ್ಚಿಮ ಬಂಗಾಳ ಹಿಡಿಯಲಿಲ್ಲ.

ಹಳೆಯ ವ್ಯವಸ್ಥೆಯಲ್ಲಿ ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ನಿವೃತ್ತಿ ವೇತನ, ಅದರ ಮೇಲೆ ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ. ಇದಕ್ಕಾಗಿ ನೌಕರ ಸಂಬಳದಿಂದ ಏನನ್ನೂ ಕೊಡಬೇಕಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ನೌಕರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10ನ್ನು ಪ್ರತಿ ತಿಂಗಳೂ ನಿಧಿಗೆ ಹಾಕಬೇಕು. ಸರ್ಕಾರವೂ ಮೊದಲು ಶೇಕಡಾ 10 ಹಾಕುತ್ತಿತ್ತು; ಕೇಂದ್ರ ತನ್ನ ಪಾಲನ್ನು 2019ರ ಏಪ್ರಿಲ್‌ನಿಂದ ಶೇಕಡಾ 14ಕ್ಕೆ ಏರಿಸಿತು. ಆ ಹಣ ಷೇರು ಮತ್ತು ಸಾಲಪತ್ರಗಳ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ. ನಿವೃತ್ತಿಯಾದಾಗ ಸೇರಿದ ಮೊತ್ತದ ಶೇಕಡಾ 40ನ್ನಾದರೂ ವಿಮಾ ಸಂಸ್ಥೆಯಲ್ಲಿ ತೊಡಗಿಸಿ ಅದರಿಂದ ಬರುವ ವರ್ಷಾಶನವನ್ನು ಪಡೆಯಬೇಕು. ಎಷ್ಟು ಬರುತ್ತದೆ ಎಂಬ ಭರವಸೆ ಇರಲಿಲ್ಲ. ರೈಲ್ವೆಯ ಉದಾಹರಣೆ ನೆನಪಾಯಿತೇ? 1957ರಲ್ಲಿ ನಿಧಿಯಿಂದ ಪಿಂಚಣಿಗೆ ಹೋದೆವು. 2004ರಲ್ಲಿ ಪಿಂಚಣಿಯಿಂದ ನಿಧಿಗೆ ಮರಳಿದೆವು.

ಸರ್ಕಾರದ ಮಾತನ್ನೂ ನಾವು ಕೇಳಬೇಕು. ಹಳೆಯ ಪಿಂಚಣಿಗೆಂದು ಹಣ ಕೂಡಿಟ್ಟಿರಲಿಲ್ಲ. ಆಯಾ ವರ್ಷದ ತೆರಿಗೆಯಿಂದಲೇ ಕೊಡಬೇಕಿತ್ತು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು 70ರ ಆಸುಪಾಸು. ಜನ ಹೆಚ್ಚು ಕಾಲ ಬದುಕುವುದು ಸಂತೋಷದ ಸಂಗತಿ, ಆದರೆ ಬೊಕ್ಕಸಕ್ಕೆ ಅದೊಂದು ಲೆಕ್ಕ. ಪಿಂಚಣಿಗೆ ಹೋದ ಹಣ ಶಾಲೆಗೂ ಆಸ್ಪತ್ರೆಗೂ ಹೋಗಲಾರದು. ಸರ್ಕಾರಿ ನೌಕರರು ದುಡಿಯುವ ಜನರಲ್ಲಿ ಒಂದು ಸಣ್ಣ ಭಾಗ. ಗದ್ದೆಯಲ್ಲಿ, ಅಂಗಡಿಯಲ್ಲಿ ದುಡಿಯುವ ಬಹುಪಾಲು ಜನರಿಗೆ ಯಾವ ಪಿಂಚಣಿಯೂ ಇಲ್ಲ ಎಂಬ ಮಾತಿಗೂ ತೂಕವಿದೆ. ಮೊದಲೇ ಸೇರಿದವರಿಗೆ ಕೊಟ್ಟ ಮಾತನ್ನು ಮುರಿಯದೆ, ಮುಂದೆ ಬರುವವರಿಗೆ ಹೊಸ ಷರತ್ತು ಹೇಳುವುದು ಸರ್ಕಾರಕ್ಕೆ ನ್ಯಾಯವಾದ ನಡುದಾರಿ ಎಂದು ತೋರಿತು.

ಆದರೆ ಈ ನಡುದಾರಿಯಲ್ಲಿ ಒಂದು ಸೂಕ್ಷ್ಮವಿದೆ. 2004ರಲ್ಲಿ ಈ ಗೆರೆ ಎಳೆದಾಗ ಅದರಿಂದ ನಷ್ಟಕ್ಕೆ ಒಳಗಾಗುವವರು ಎಲ್ಲಿದ್ದರು? ಕೆಲವರು ಕಾಲೇಜಿನಲ್ಲಿ, ಬಹಳ ಮಂದಿ ಶಾಲೆಯಲ್ಲಿ, ಇನ್ನೂ ಕೆಲವರು ತೊಟ್ಟಿಲಲ್ಲಿ. ಅವರಿಗೆ ನೌಕರರ ಸಂಘವಿರಲಿಲ್ಲ. ಸೇವೆಯಲ್ಲಿದ್ದವರ ಸೌಲಭ್ಯ ಮುಟ್ಟದ ಕಾರಣ, ಇದ್ದ ಸಂಘಗಳ ಸದಸ್ಯರಿಗೆ ಸ್ವಂತದ ನಷ್ಟವೇನೂ ಇರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ, ಇಲ್ಲಿ ಸುಣ್ಣ ಹಚ್ಚಬೇಕಾದ ಕಣ್ಣು ಇನ್ನೂ ತೆರೆದೇ ಇರಲಿಲ್ಲ.

ಗೆರೆ ಎಷ್ಟು ತೆಳುವಾಗಿತ್ತೆಂದರೆ, ಒಂದೇ ಜಾಹೀರಾತು ನೋಡಿ, ಒಂದೇ ದಿನ ಪರೀಕ್ಷೆ ಬರೆದು ಆಯ್ಕೆಯಾದ ಇಬ್ಬರಲ್ಲಿ ಆದೇಶ ಬೇಗ ತಲುಪಿದವರಿಗೆ ಪಿಂಚಣಿ, ತಡವಾಗಿ ತಲುಪಿದವರಿಗೆ ನಿಧಿ ಎಂಬ ಸ್ಥಿತಿ ಬಂತು. ಈ ಅನ್ಯಾಯ ಸರಿಪಡಿಸಲು ಸುಮಾರು ಎರಡು ದಶಕ ಬೇಕಾಯಿತು. 2003ರ ಡಿಸೆಂಬರ್ 22ಕ್ಕೆ ಮೊದಲು, ಅಂದರೆ ಹೊಸ ವ್ಯವಸ್ಥೆಯ ಅಧಿಸೂಚನೆ ಹೊರಡುವ ಮುನ್ನ, ಜಾಹೀರಾತಾದ ಹುದ್ದೆಗಳಿಗೆ ಸೇರಿದವರಿಗೆ ಹಳೆಯ ಪಿಂಚಣಿ ಆರಿಸಿಕೊಳ್ಳಲು ಕೇಂದ್ರ 2023ರ ಮಾರ್ಚ್‌ನಲ್ಲಿ ಅವಕಾಶ ನೀಡಿತು. ಕರ್ನಾಟಕ 2024ರ ಜನವರಿಯಲ್ಲಿ, 2006ರ ಏಪ್ರಿಲ್‌ಗೆ ಮೊದಲೇ ಅಧಿಸೂಚನೆಯಾಗಿ ಆಮೇಲೆ ನೇಮಕಗೊಂಡ ಸುಮಾರು 13,000 ನೌಕರರಿಗೆ ಇಂಥದೇ ಅವಕಾಶ ನೀಡಿತು.

ಗೆರೆಯ ಆಚೆಯವರು ಬೆಳೆದಾಗ

ಪ್ರತಿ ವರ್ಷ ಹಳಬರು ನಿವೃತ್ತರಾಗುತ್ತಾರೆ, ಹೊಸಬರು ಬರುತ್ತಾರೆ. ಆದುದರಿಂದ ಗೆರೆಯ ಆಚೆಯವರ ಸಂಖ್ಯೆ ಏರುತ್ತಲೇ ಹೋಗುತ್ತದೆ. ಒಂದು ದಿನ ಸಂಘದಲ್ಲೂ ಚುನಾವಣೆಯಲ್ಲೂ ಅವರ ಮಾತಿಗೆ ಬಲ ಬರುತ್ತದೆ. 2022ರಲ್ಲಿ ರಾಜಸ್ಥಾನ ಮತ್ತು ಛತ್ತೀಸಗಡ, 2023ರಲ್ಲಿ ಹಿಮಾಚಲ ಪ್ರದೇಶ ಹಳೆಯ ಪಿಂಚಣಿಗೆ ಮರಳುವ ತೀರ್ಮಾನ ಮಾಡಿದವು. 2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರು ಮುಷ್ಕರ ಹೂಡಿದಾಗ ವೇತನ ಪರಿಷ್ಕರಣೆಯ ಜೊತೆಗೆ ಹಳೆಯ ಪಿಂಚಣಿಯೂ ಅವರ ಬೇಡಿಕೆಯಾಗಿತ್ತು. ಕೊನೆಗೆ ಕೇಂದ್ರ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ತಂದಿತು. ನೌಕರ ತನ್ನ ಶೇಕಡಾ 10 ಹಾಕುತ್ತಾನೆ. ಆದರೆ ಕನಿಷ್ಠ 25 ವರ್ಷ ಸೇವೆ ಸಲ್ಲಿಸಿದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಖಚಿತ. ಹಳೆಯದರ ಭರವಸೆ, ಹೊಸದರ ವಂತಿಗೆ; ಎರಡನ್ನೂ ಬೆಸೆಯುವ ಪ್ರಯತ್ನ ಇದು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದ ಮೋಟಾರು ಕಾರ್ಖಾನೆಗಳಲ್ಲಿ 2007ರ ಒಪ್ಪಂದದಂತೆ ಹೊಸದಾಗಿ ಸೇರುವ ಅನೇಕರಿಗೆ ಹಳಬರ ಕೂಲಿಯ ಸರಿಸುಮಾರು ಅರ್ಧ ಮಾತ್ರ ಗೊತ್ತಾಯಿತು. ಹಳೆಯ ಬಗೆಯ ಪಿಂಚಣಿಯೂ ಇಲ್ಲವಾಯಿತು. ಕಂಪನಿಗಳು ಮುಳುಗುವ ಸ್ಥಿತಿಯಲ್ಲಿವೆ ಎಂದು ಕಾರ್ಮಿಕ ಸಂಘವೂ ಒಪ್ಪಿತ್ತು. ಹದಿನಾರು ವರ್ಷ ಕಳೆದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ ಅದೇ ಸಂಘ ಮುಷ್ಕರ ಹೂಡಿತು. ಭೇದವನ್ನು ಅಳಿಸುವುದೇ ಅದರ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. ಪೂರ್ಣ ಕೂಲಿ ತಲುಪಲು ಬೇಕಾಗಿದ್ದ ಎಂಟು ವರ್ಷ ಮೂರಕ್ಕೆ ಇಳಿಯಿತು. ಹಳೆಯ ಪಿಂಚಣಿ ಮಾತ್ರ ಮರಳಿ ಬರಲಿಲ್ಲ.

ಅಳೆಯುವ ಕೋಲು

ಹಾಗಾದರೆ ನ್ಯಾಯವನ್ನು ಅಳೆಯುವುದು ಹೇಗೆ? ಈವರೆಗೆ ನೋಡಿದ ಸಂಗತಿಗಳಿಂದಲೇ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಗೆರೆ ಎಳೆದದ್ದಕ್ಕೆ, ದುಡ್ಡು ಉಳಿಸುವುದನ್ನು ಬಿಟ್ಟು, ಹೇಳಿಕೊಳ್ಳಬಹುದಾದ ಕಾರಣವಿದೆಯೇ? ಇದು ನಕಾರಾ ಪ್ರಕರಣ ಕಲಿಸಿದ ಪ್ರಶ್ನೆ. ಷರತ್ತನ್ನು ಒಪ್ಪುವವನಿಗೆ ಬೇರೆ ಆಯ್ಕೆ ಇತ್ತೇ? ಇದು ರೈಲ್ವೆ ನೌಕರರ ಪ್ರಶ್ನೆ. ಗೆರೆ ಎಳೆಯುವಾಗ ಹೊರಗೆ ನಿಂತವರ ಪರವಾಗಿ ಮಾತಾಡಲು ಯಾರಾದರೂ ಇದ್ದರೇ? ಇದು ಉಮಾದೇವಿ ಪ್ರಕರಣ ಮತ್ತು 2004ರ ಗೆರೆ ಎರಡೂ ನಮ್ಮ ಮುಂದಿಡುವ ಪ್ರಶ್ನೆ.

ಮೂರನೆಯ ಪ್ರಶ್ನೆ ಬಹಳ ಬೇಗ ಮರೆತುಹೋಗುತ್ತದೆ. ಹಳಬರು ಹೋರಾಡಿ ಪಡೆದದ್ದನ್ನು ಕಸಿದುಕೊಳ್ಳುವುದು ಅದಕ್ಕೆ ಉತ್ತರವಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವುದೂ ನ್ಯಾಯವೇ. ಆದರೆ ತನ್ನ ಸೌಲಭ್ಯ ಉಳಿಯಿತೆಂದು ಹಳಬರು ಸುಮ್ಮನಾದರೆ, ಮುಂದೆ ಅವರ ಮಕ್ಕಳೇ ಗೆರೆಯ ಆಚೆ ನಿಂತಿರುತ್ತಾರೆ.

ನಿಮ್ಮ ಕಾಲೇಜಿನಲ್ಲಿಯೇ ನೋಡಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಹೇಳುತ್ತಿದ್ದಾರೆ. ಖಾಯಂ ಉಪನ್ಯಾಸಕರು ಹೇಳುವ ಪಾಠವನ್ನೇ ಅವರೂ ಹೇಳುತ್ತಾರೆ, ಅದೇ ಉತ್ತರಪತ್ರಿಕೆ ತಿದ್ದುತ್ತಾರೆ. ಆದರೆ ಮುಂದಿನ ವರ್ಷ ತಮ್ಮ ಹೆಸರು ವೇಳಾಪಟ್ಟಿಯಲ್ಲಿ ಇರುತ್ತದೆಯೇ ಎಂಬುದು ಅವರಿಗೆ ತಿಳಿಯದು. ಅವರ ತರಗತಿಯಲ್ಲಿ ಕೂತಾಗ ಮೇಲಿನ ಮೂರು ಪ್ರಶ್ನೆಗಳನ್ನು ಒಮ್ಮೆ ಕೇಳಿಕೊಳ್ಳಿ. ಗೆಳೆಯರೊಡನೆ ಚರ್ಚಿಸಿ. ಎರಡು ಗುಂಪು ಮಾಡಿಕೊಂಡು, ಒಂದು ಗುಂಪು ದೀರ್ಘಕಾಲ ದುಡಿದವರ ಪರವಾಗಿ, ಇನ್ನೊಂದು ಗುಂಪು ಇನ್ನೂ ಅರ್ಜಿ ಹಾಕದವರ ಪರವಾಗಿ ವಾದಿಸಿ ನೋಡಿ. ಎರಡೂ ಕಡೆ ಗಟ್ಟಿಯಾದ ಮಾತುಗಳು ಸಿಗುತ್ತವೆ. ನಾಳೆ ನಿಮ್ಮಲ್ಲಿ ಕೆಲವರು ಸಂಘದ ಪದಾಧಿಕಾರಿಗಳಾಗುತ್ತೀರಿ, ಕೆಲವರು ಆದೇಶಕ್ಕೆ ಸಹಿ ಹಾಕುವ ಅಧಿಕಾರಿಗಳಾಗುತ್ತೀರಿ. ಆಗ ಹೊಸ ತಾರೀಖೊಂದನ್ನು ಬರೆಯಬೇಕಾಗಿ ಬಂದರೆ, ಆ ತಾರೀಖಿನ ಮರುದಿನ ಕೆಲಸಕ್ಕೆ ಬರುವವರ ಮುಖವನ್ನು ಒಂದು ಕ್ಷಣ ನೆನೆಯಿರಿ.